ಮಾರಾಟಕ್ಕಿಲ್ಲದ ಜಾಕೆಟ್

"ಮೊದಲು ಮೂಟೆ ತಗೊಳ್ಳಿ!"

ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಸಿಕ್ಕಿಹಾಕಿಕೊಂಡಿದ್ದ ಲಿಫ್ಟಿನ ಒಳಗಿನಿಂದ ಬಂದ ಮೊದಲ ಮಾತು ಇದು. 'ಕಾಪಾಡಿ' ಅಂತಲ್ಲ, 'ಅಮ್ಮಾ' ಅಂತಲ್ಲ... ಮೂಟೆಯಂತೆ, ಮೂಟೆ!

ಮೂರನೇ ಮಹಡಿಯ ಬಾಗಿಲನ್ನು ಸರಿಸಿ ಹಿಡಿದಿದ್ದ ಲಿಫ್ಟ್ ರಿಪೇರಿ ಹುಡುಗ ತಬ್ಬಿಬ್ಬಾದ. ಅವನ ಮೊಣಕಾಲಿನ ಮಟ್ಟದಲ್ಲಿ ಬೆವರಿದ ಒಂದು ಮುಖ, ಎರಡು ದೊಡ್ಡ ಕಣ್ಣು, ಪಕ್ಕದಲ್ಲಿ ಹಗ್ಗ ಬಿಗಿದ ಬಟ್ಟೆಯ ಗಂಟು.

"ಮೂಟೆಗೇನು ಉಸಿರು ಕಟ್ಟುತ್ತಾ? ನೀವು ಮೊದಲು ಬನ್ನಿ. ಕೈ ಕೊಡಿ."

"ಆಗಲ್ಲ ರೀ! ನಾನು ಮೇಲೆ ಬಂದ ತಕ್ಷಣ ಲಿಫ್ಟು ಕೆಳಗೆ ಹೋಗಿಬಿಟ್ರೆ? ಇದರಲ್ಲಿ ನನ್ನ ಇಡೀ ಅಂಗಡಿ ಇದೆ!"

"ಅಂಗಡಿನಾ?"

"ಹೂಂ. ಅಂಗಡಿ. ಯಾಕೆ, ನಂಬಿಕೆ ಬರಲ್ವಾ?"

ಅವನು ಬಗ್ಗಿ ಮೂಟೆಯನ್ನು ಎಳೆದು ಪಕ್ಕಕ್ಕಿಟ್ಟ. ಆಮೇಲೆ ಎರಡೂ ಕೈ ಚಾಚಿದ. ಅವಳು ಅವನ ಮಣಿಕಟ್ಟು ಹಿಡಿದಳು. ಒಂದೇ ಎಳೆತ... ಮೇಲೆ ಬಂದಾಗಿತ್ತು. ಬಂದ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ಅವಳಿಗೆ ಕಾಲು ನಿಲ್ಲುತ್ತಿರಲಿಲ್ಲ, ಅವನಿಗೆ ಕಾರಣ ಗೊತ್ತಿರಲಿಲ್ಲ.

"ಹೆದರಿದ್ರಾ?"

"ಇಲ್ಲಪ್ಪ."

"ಕೈ ನಡುಗ್ತಾ ಇದೆ."

"ಅದು... ಮೂಟೆ ಹೊತ್ತು."

ಸುಳ್ಳು! ಹೆದರಿ ಅರ್ಧ ಜೀವ ಆಗಿದ್ದಳು. ಆದರೆ ಈ ಹುಡುಗಿಯ ಸ್ವಭಾವವೇ ಹಾಗೆ. ನಿಜ ಹೇಳಬೇಕಾದ ಜಾಗದಲ್ಲಿ ಬಾಯಿಗೆ ಬೇರೆ ಏನೋ ಬಂದುಬಿಡುತ್ತದೆ. ಇದೊಂದು ಚಾಳಿ ಅವಳಿಗೆ ಎಷ್ಟು ದುಬಾರಿಯಾಯಿತು ಅನ್ನುವುದೇ ನಾನು ಹೇಳಹೊರಟಿರುವ ಕಥೆ.

ಕೈ ಬಿಡಿಸಿಕೊಂಡವಳು ಥ್ಯಾಂಕ್ಸ್ ಹೇಳಬೇಕಿತ್ತು ತಾನೇ? ಅವಳು ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಅವನನ್ನು ಈ ಭುಜದಿಂದ ಆ ಭುಜದವರೆಗೆ ಅಳೆದಳು.

"ನಿಮ್ಮ ಭುಜ ಎಷ್ಟು ಇಂಚು?"

"ಏನು?!"

"ತಪ್ಪು ತಿಳ್ಕೋಬೇಡಿ... ವ್ಯಾಪಾರದ ವಿಷಯ."

* * *

ಅವಳಿಗೆ ಆಗ ಹತ್ತೊಂಬತ್ತು. ಕಾಲೇಜಿನ ಎರಡನೇ ವರ್ಷ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಮನೆಗಿಂತ ವಾರ್ಡಿನಲ್ಲಿ ಇರುವುದೇ ಹೆಚ್ಚು. ಹಾಗಾಗಿ ಮನೆಯಲ್ಲಿ ಯಾವಾಗಲೂ ಇರುತ್ತಿದ್ದವರು ಇಬ್ಬರೇ, ಅವಳು ಮತ್ತು ಅಜ್ಜಿ.

ಅಂಗಡಿ ಶುರುವಾದದ್ದು ಅವಳದೇ ಒಂದು ಹಳೆಯ ಕೋಟಿನಿಂದ. ತೋಳು ಗಿಡ್ಡವಾಯಿತು ಅಂತ ಸುಮ್ಮನೆ ಮಾರಾಟದ ಆ್ಯಪ್‌ನಲ್ಲಿ ಹಾಕಿದ್ದಳು. ಮರುದಿನವೇ ಹೋಗಿಬಿಟ್ಟಿತು! ಆಮೇಲೆ ಅಮ್ಮನ ಸ್ವೆಟರ್, ಆಮೇಲೆ ಪಕ್ಕದ ಮನೆಯವರದು... ಕೊನೆಗೆ ಊರಾಚೆಯ ಹಳೇ ಬಟ್ಟೆ ಗೋದಾಮಿಗೇ ಹೋಗಿ ಗಂಟು ಕಟ್ಟಿಸಿಕೊಂಡು ಬರಲು ಶುರುಮಾಡಿದಳು. ತಂದು, ಒಗೆದು, ಬಿಟ್ಟುಹೋದ ಗುಂಡಿ ಹಾಕಿ, ಇಸ್ತ್ರಿ ಮಾಡಿ, ಫೋಟೋ ತೆಗೆದು ಮಾರುವುದು. ಎಲ್ಲಾದರೂ ತೂತಿದ್ದರೆ ಅದರದ್ದೂ ಒಂದು ಫೋಟೋ ಹಾಕುತ್ತಿದ್ದಳು. ಬಟ್ಟೆಯ ವಿಷಯದಲ್ಲಿ ಮಾತ್ರ ಅವಳು ಒಂದೂ ಸುಳ್ಳು ಹೇಳುತ್ತಿರಲಿಲ್ಲ.

"ಬಾರಮ್ಮ ಸಾವ್ಕಾರ್ತಿ!" ಅಂತ ಅಜ್ಜಿ ರೇಗಿಸುತ್ತಿದ್ದರು. "ಊರವರು ಬಿಟ್ಟ ಬಟ್ಟೆ ನಮ್ಮ ಮನೇಲಿ, ನಮ್ಮ ಮನೆ ಸೋಪು ಊರವರ ಬಟ್ಟೇಲಿ. ಲಾಭ ಯಾರಿಗೆ, ಸೋಪಿನ ಕಂಪನಿಗಾ?"

ಹಾಗನ್ನುತ್ತಲೇ ಪಾರ್ಸಲ್ ಕಟ್ಟುವ ಕೆಲಸ ಪೂರ್ತಿ ತಮ್ಮ ಕೈಗೆ ತೆಗೆದುಕೊಂಡಿದ್ದರು. ಅಜ್ಜಿಗೆ ಆ್ಯಪ್ ಓದಲು ಬರುವುದಿಲ್ಲ, ಆದರೆ ಫೋಟೋ ನೋಡಲು ಬರುತ್ತದಲ್ಲ! ಆರ್ಡರ್ ಬಂದರೆ ಫೋನಿನಲ್ಲಿ ಚಿತ್ರ ನೋಡುವುದು, ಕೋಣೆಗೆ ಅಡ್ಡಲಾಗಿ ಕಟ್ಟಿದ ಹಗ್ಗದ ಮೇಲೆ ಅದೇ ಬಟ್ಟೆ ಹುಡುಕುವುದು, ಮಡಚಿ ಕವರಿಗೆ ಹಾಕಿ ಕೊರಿಯರ್‌ನವನ ಕೈಗೆ ಕೊಡುವುದು. ಇದು ಅವರ ಪದ್ಧತಿ. ಒಂದು ಸಲವೂ ತಪ್ಪಿದ್ದಿಲ್ಲ.

ಎಲ್ಲವೂ ಸರಿಯಿತ್ತು, ಗಂಡಸರ ಜಾಕೆಟ್ ಒಂದು ಬಿಟ್ಟು. ನೆಲದ ಮೇಲೆ ಹಾಸಿ ಫೋಟೋ ತೆಗೆದರೆ ಒಣಮೀನು ಹರಡಿದ ಹಾಗೆ ಕಾಣುತ್ತಿತ್ತು. ಒಬ್ಬರೂ ಕೊಳ್ಳುತ್ತಿರಲಿಲ್ಲ. ಯಾರಾದರೂ ಹಾಕಿಕೊಂಡು ನಿಲ್ಲಬೇಕು... ಒಳ್ಳೆ ಭುಜ ಇರುವವರು.

ಈಗ ಅರ್ಥವಾಯಿತಲ್ಲ, ಆ ಅಳತೆಯ ಕಥೆ?

ಲಿಫ್ಟಿನವನು ಮೊದಲು ನಕ್ಕ. ಆಮೇಲೆ ಆಗಲ್ಲ ಅಂದ. ಆಮೇಲೆ ಮೂಟೆಯನ್ನು ಅವಳ ಮನೆಯವರೆಗೆ ಹೊತ್ತು ತಂದುಕೊಟ್ಟ. ಅಲ್ಲಿ ಅಜ್ಜಿ ಕೊಟ್ಟ ಬಿಸಿ ಬಿಸಿ ಚಹಾ ಕುಡಿಯುತ್ತಾ, "ಮುಖ ಬರಬಾರದು," ಅಂದ. "ನಮ್ಮ ಹುಡುಗರು ನೋಡಿದ್ರೆ ಜನ್ಮಪೂರ್ತಿ ಆಡ್ಕೋತಾರೆ."

"ಬರಲ್ಲ! ಆ್ಯಪ್ಪೇ ಕತ್ತಿನಿಂದ ಮೇಲೆ ಕತ್ತರಿಸಿಬಿಡುತ್ತೆ."

"ಅಯ್ಯೋ, ಮದುವೆ ಆಗದ ಹುಡುಗನ ಕತ್ತು ಕತ್ತರಿಸ್ತೀಯಾ?" ಅಂದರು ಅಜ್ಜಿ.

ಹೀಗೆ ಪ್ರತಿ ಭಾನುವಾರ ಮಧ್ಯಾಹ್ನ ಅವನು ಬರತೊಡಗಿದ. ಇಪ್ಪತ್ತೆರಡು ವರ್ಷದ, ಮಾತು ಕಡಿಮೆಯ, ಉಗುರಿನ ಸಂದಿಯಲ್ಲಿ ಸದಾ ಗ್ರೀಸ್ ಇರುವ ಹುಡುಗ. ಬಟ್ಟೆ ಮುಟ್ಟುವ ಮೊದಲು ಎರಡೆರಡು ಸಲ ಕೈ ತೊಳೆಯುತ್ತಿದ್ದ. ಕಿಟಕಿಯ ಪಕ್ಕ ಗೋಡೆಗೆ ನಿಂತು, ಅವಳು ಹೇಳಿದ ಹಾಗೆ ತಿರುಗುತ್ತಿದ್ದ.

"ಸ್ವಲ್ಪ ಎಡಕ್ಕೆ... ಕೈ ಜೇಬಲ್ಲಿ ಇಡಿ... ಉಸಿರು ಬಿಡಿ ರೀ, ಯಾಕೆ ಹಿಡ್ಕೊಂಡಿದೀರಿ!"

"ಬಿಟ್ರೆ ಹೊಟ್ಟೆ ಕಾಣುತ್ತೆ."

"ಇಲ್ಲದ ಹೊಟ್ಟೆ ಎಲ್ಲಿಂದ ಕಾಣುತ್ತೆ?"

ಜಾಕೆಟ್‌ಗಳು ಬಿಸಿ ದೋಸೆಯಂತೆ ಹೋಗತೊಡಗಿದವು. ಅವಳು ಕೊಡಲು ಬಂದ ಪಾಲನ್ನು ಅವನು ಮುಟ್ಟಲಿಲ್ಲ. "ಅಜ್ಜಿ ಚಹಾ ಕೊಡ್ತಾರಲ್ಲ," ಅಂದುಬಿಟ್ಟ. ಚಹಾಕ್ಕಾಗಿ ಯಾರಾದರೂ ಎರಡು ಬಸ್ಸು ಬದಲಿಸಿ ಬರುತ್ತಾರೇನ್ರೀ? ಅಜ್ಜಿಗೆ ಅರ್ಥವಾಗಿತ್ತು. ಆ ಹುಡುಗಿಗೆ ಮಾತ್ರ ಭುಜದ ಇಂಚು ಬಿಟ್ಟು ಬೇರೆ ಲೆಕ್ಕ ಹೊಳೆಯಲಿಲ್ಲ.

ಅಥವಾ ಹೊಳೆದಿತ್ತೋ ಏನೋ... ಯಾಕೆಂದರೆ ಶನಿವಾರವೇ ಅವಳು ಕಿಟಕಿಯ ಗಾಜು ಒರೆಸಿಡುತ್ತಿದ್ದಳು.

* * *

ಅವನದೇ ಒಂದು ಜಾಕೆಟ್ ಇತ್ತು. ಗಾಢ ಕಂದು ಬಣ್ಣದ್ದು, ಒಳಗೆ ನೀಲಿ ಅಸ್ತರು. ಎಡಗಡೆ ಜೇಬು ಬಲಗಡೆಗಿಂತ ಒಂದು ಬೆರಳು ಮೇಲಿತ್ತು. ಆದರೂ ಅದು ಅವನ ಮೈಮೇಲೆ ಕೂರುತ್ತಿದ್ದ ಚೆಂದವೇ ಬೇರೆ.

"ಇದನ್ನ ನನಗೆ ಕೊಡ್ತೀರಾ? ಹಾಕಿದ ದಿನಾನೇ ಹೋಗುತ್ತೆ," ಅಂತ ಒಂದು ಸಲ ತಮಾಷೆಗೆ ಕೇಳಿದ್ದಳು.

"ಇದು ಮಾರಾಟಕ್ಕಿಲ್ಲ."

ಇನ್ನೊಂದು ವಾರ, ಬೇಕಂತಲೇ, ಮತ್ತೆ ಕೇಳಿದಳು. "ಒಳ್ಳೆ ಬೆಲೆ ಬರುತ್ತೆ ಕಣ್ರೀ..."

"ಹೇಳಿದ್ನಲ್ಲ, ಮಾರಾಟಕ್ಕಿಲ್ಲ ಅಂತ." ದನಿ ಸ್ವಲ್ಪ ಗಡುಸಾಗಿತ್ತು.

ಆ ಭಾನುವಾರ ಬಿಸಿಲು ಹದವಾಗಿತ್ತು. ಅವನು ಬಂದು ಇನ್ನೂ ತನ್ನ ಜಾಕೆಟ್ ತೆಗೆದಿರಲಿಲ್ಲ. ಅಜ್ಜಿ ಒಂದು ಅಗಲವಾದ ಕೋಟನ್ನು ತಾವೇ ಹಾಕಿಕೊಂಡು, "ನನ್ನದೂ ಒಂದು ತೆಗಿಯೇ, ಕತ್ತು ಬೇಕಾದ್ರೆ ಇಟ್ಕೋ, ಬೆನ್ನು ಬಗ್ಗಿರೋದನ್ನ ಕತ್ತರಿಸು," ಅಂದರು. ಅವನು ನಕ್ಕ. ಬಾಯಿ ತುಂಬ, ತಲೆ ಹಿಂದಕ್ಕೆ ಬಾಗಿಸಿ, ಕಣ್ಣಲ್ಲಿ ನೀರು ಬರುವ ಹಾಗೆ!

ಅವಳ ಬೆರಳು ತಾನಾಗಿಯೇ ಒತ್ತಿತು. ಕ್ಲಿಕ್.

'ಯಾಕೆ ತೆಗೆದೆ?' ಅಂತ ಮನಸ್ಸು ಕೇಳಿತು. ಮಾರುವುದಕ್ಕಂತೂ ಅಲ್ಲ. ಸೋಮವಾರದಿಂದ ಶನಿವಾರದವರೆಗೆ ನೋಡುವುದಕ್ಕೆ ಏನಾದರೂ ಬೇಕಲ್ಲ... ಅಯ್ಯೋ ದೇವರೇ, ಇದೇನಾಗಿದೆ ನನಗೆ! ಅವಳ ಕಿವಿ ಬಿಸಿಯಾಯಿತು.

ಅವನು ತನ್ನ ಜಾಕೆಟ್ ಬಿಚ್ಚಿ ಹಗ್ಗದ ಮೇಲೆ ಹಾಕಿ, ಮಾರಾಟದ್ದೊಂದು ಕಪ್ಪು ಜಾಕೆಟ್ ತೊಟ್ಟ. ಎರಡು ಫೋಟೋ ಆಗಿತ್ತಷ್ಟೇ, ಅವನ ಫೋನು ಬಡಿದುಕೊಂಡಿತು. ಎಲ್ಲೋ ಒಂದು ಕಟ್ಟಡದಲ್ಲಿ ಲಿಫ್ಟ್ ನಿಂತಿದೆ, ಒಳಗೆ ವಯಸ್ಸಾದವರು ಇದ್ದಾರೆ.

"ಬರ್ತೀನಿ!" ಅಂದವನೇ ಮೆಟ್ಟಿಲು ಮೂರು ಮೂರು ಹಾರಿ ಓಡಿದ. ಮೈಮೇಲೆ ಅವಳ ಕಪ್ಪು ಜಾಕೆಟ್. ಹಗ್ಗದ ಮೇಲೆ ಅವನ ಕಂದು ಜಾಕೆಟ್.

ಆ ಸಂಜೆಯೇ ಕಂಪನಿಯವರು ಅವನನ್ನು ಬೇರೆ ಊರಿನ ಹೊಸ ಕಟ್ಟಡದ ಕೆಲಸಕ್ಕೆ ಕಳಿಸಿದರು. 'ಎರಡು ವಾರ ಬರಲ್ಲ. ನಿಮ್ಮ ಜಾಕೆಟ್ ನನ್ನ ಹತ್ರ ಇದೆ, ನಂದು ಅಲ್ಲೇ ಇರಲಿ' ಅಂತ ಮೆಸೇಜ್ ಬಂತು.

'ಜೋಪಾನವಾಗಿ ಇಟ್ಟಿರ್ತೀನಿ' ಅಂತ ಬರೆದಳು. ಬರೆದು, ಆ ಜಾಕೆಟ್ಟನ್ನು ಹಗ್ಗದ ತುದಿಗೆ ಸರಿಸಿದಳು. ಬೀರುವಿನಲ್ಲಿ ಇಡಬೇಕಿತ್ತು... ಆದರೆ ಓದುವ ಮೇಜಿನಿಂದ ತಲೆಯೆತ್ತಿದರೆ ಅದು ಕಾಣುತ್ತಿತ್ತು. ಕಾಣಲಿ ಅಂತಲೇ ಬಿಟ್ಟಳು.

ಪರೀಕ್ಷೆ ಬಂತು. ಮೊದಲ ದಿನ ಬೆಳಿಗ್ಗೆ, ಅಂಗಡಿಯ ಪುಟ ಖಾಲಿ ಬಿದ್ದಿದೆ ಅಂತ ನೆನಪಾಗಿ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತಲೇ ಭಾನುವಾರಗಳಂದು ತೆಗೆದು ಉಳಿದಿದ್ದ ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿ ಆ್ಯಪ್‌ಗೆ ಏರಿಸಿದಳು. ಎಲ್ಲಕ್ಕೂ ಒಂದೇ ಬೆಲೆ. ಆ್ಯಪ್ ತನ್ನ ಪಾಡಿಗೆ ಎಲ್ಲ ಫೋಟೋಗಳ ಕತ್ತು ಕತ್ತರಿಸಿತು. ಆ ನಗುವನ್ನೂ ಕತ್ತರಿಸಿತು. ಉಳಿದದ್ದು ಒಂದು ಕಂದು ಜಾಕೆಟ್.

ಅವಳು ಪರೀಕ್ಷೆ ಬರೆಯುತ್ತಿದ್ದಾಗ ಆರ್ಡರ್ ಬಂತು. ಮನೆಯಲ್ಲಿದ್ದ ಫೋನಿನಲ್ಲಿ ಅಜ್ಜಿ ಚಿತ್ರ ನೋಡಿದರು, ಹಗ್ಗ ನೋಡಿದರು, ಜೇಬು ಮೇಲೆ ಕೆಳಗೆ ಇರುವುದನ್ನೂ ತಾಳೆ ನೋಡಿದರು. ಸರಿಯಾಗಿದೆ! ಹುಡುಗ ಕೊನೆಗೂ ಮಾರಲು ಕೊಟ್ಟಿರಬೇಕು ಅಂದುಕೊಂಡರು. ಮಡಚಿದರು. ಕೊಟ್ಟರು.

ಸಂಜೆ ಬಂದವಳು ಹಗ್ಗದ ತುದಿ ಖಾಲಿ ಇದ್ದದ್ದು ನೋಡಿ ನಿಂತಳು. ಬಂದು ತಗೊಂಡು ಹೋದನಾ? ನಾನಿಲ್ಲದ ಹೊತ್ತಲ್ಲಿ? ಒಂದು ಮಾತೂ ಹೇಳದೆ? ಅಜ್ಜಿ ನಿದ್ದೆ ಮಾಡುತ್ತಿದ್ದರು. ಎಬ್ಬಿಸಿ ಕೇಳಬಹುದಿತ್ತು. ಮುನಿಸು ಬಂದವರು ಯಾರನ್ನು ಕೇಳುತ್ತಾರೆ? ಮುಖ ಊದಿಸಿಕೊಂಡು ಪುಸ್ತಕ ತೆರೆದಳು. ಅವನಿಗೂ ಒಂದು ಮೆಸೇಜ್ ಹಾಕಲಿಲ್ಲ, ಪರೀಕ್ಷೆಯ ಗಡಿಬಿಡಿಯಲ್ಲಿ ಅಂಗಡಿಯ ಪುಟವನ್ನೂ ತೆರೆದು ನೋಡಲಿಲ್ಲ.

* * *

ಎರಡು ವಾರದ ಮೇಲೆ ಅವನು ಬಂದ. ಕಪ್ಪು ಜಾಕೆಟ್ ಒಗೆದು, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ತಂದಿದ್ದ.

"ತಗೊಳ್ಳಿ ನಿಮ್ಮದು. ನಂದು ಕೊಡಿ."

"ನಿಮ್ಮದು ನೀವೇ ತಗೊಂಡು ಹೋದ್ರಲ್ಲ?"

"ನಾನಾ? ನಾನು ಊರಿಗೆ ಬಂದಿದ್ದೇ ಇವತ್ತು."

ಅವಳು ಫೋನ್ ತೆಗೆದಳು. 'ಮಾರಾಟವಾದವು' ಪುಟದಲ್ಲಿ, ನಾಲ್ಕನೆಯದು... ಕಂದು ಬಣ್ಣ. ಮೇಲೆ ಕೆಳಗೆ ಜೇಬು. ಕೆಳಗೆ ಕೊಂಡವರ ಮಾತು: 'ತುಂಬ ಚೆನ್ನಾಗಿದೆ.' ಐದು ನಕ್ಷತ್ರ.

ಅವನು ಅವಳ ಭುಜದ ಮೇಲಿಂದ ನೋಡಿದ.

"ಎರಡು ಸಲ ಕೇಳಿದ್ರಿ. ಎರಡು ಸಲ ಇಲ್ಲ ಅಂದೆ."

"ಇಲ್ಲ, ಇಲ್ಲ... ಹಾಗಲ್ಲ! ತಪ್ಪಿ ಹೋಗಿದೆ. ಫೋಟೋ ನೋಡಿ ಅಜ್ಜಿ ಕಟ್ಟಿಬಿಟ್ಟಿದ್ದಾರೆ..."

"ಅಜ್ಜಿ ಕಟ್ಟಿದ್ದು ಫೋಟೋ ಇತ್ತು ಅಂತ." ಅವನ ದನಿ ಏರಲೇ ಇಲ್ಲ. ಏರಿದ್ದರೆ ಚೆನ್ನಾಗಿತ್ತು. "ಮಾರೋ ಉದ್ದೇಶ ಇಲ್ಲ ಅಂದಮೇಲೆ ನನ್ನ ಜಾಕೆಟ್ಟಿನ ಫೋಟೋ ಯಾಕೆ ತೆಗೆದ್ರಿ? ಅಷ್ಟು ಹೇಳಿ ಸಾಕು."

ಅಷ್ಟು ಹೇಳಿದರೆ ಸಾಕಿತ್ತು!

ಒಂದೇ ಒಂದು ವಾಕ್ಯ. ಅದು ಅವಳ ಗಂಟಲಿನವರೆಗೆ ಬಂತು. 'ಹೇಗೆ ಹೇಳಲಿ? ನಿಮ್ಮನ್ನ ನೋಡೋಕೆ ಅಂತ ಹೇಳಲಾ? ಕಳೆದುಹಾಕಿದ್ದಕ್ಕೆ ಹೊಸ ನೆಪ ಹುಡುಕಿದಳು ಅಂದುಕೊಂಡರೆ? ನಕ್ಕುಬಿಟ್ಟರೆ?'

"ಅದು... ಸುಮ್ನೆ," ಅಂದಳು.

"ಸುಮ್ನೆ." ಅವನು ತಲೆಯಾಡಿಸಿದ. "ಅದು ನಮ್ಮ ಅಕ್ಕ ಹೊಲಿದಿದ್ದು ರೀ. ನನ್ನ ಸಾಕಿದ್ದೇ ಅವಳು. ಕಣ್ಣು ಪೂರ್ತಿ ಮಂಜಾಗೋ ಮುಂಚೆ, ಕೊನೇದಾಗಿ ಹೊಲಿದಿದ್ದು. ಆ ಜೇಬು ಮೇಲೆ ಕೆಳಗೆ ಆಗಿದ್ದೂ ಅದಕ್ಕೇ. ನಾನು ಮನೆಗೆ ಹೋದ ತಕ್ಷಣ ತೋಳು ಮುಟ್ಟಿ ನೋಡಿ, 'ಬಂದ್ಯಾ' ಅಂತಾಳೆ. ಇವತ್ತು ಏನು ಹೇಳಲಿ ಅವಳಿಗೆ?"

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಅವಳು ಹಗ್ಗದ ಕೆಳಗೆ ಕೂತು ಅತ್ತಳು. ಅಜ್ಜಿ ಬಂದು ಪಕ್ಕದಲ್ಲಿ ಕೂತರು.

* * *

ಕೊಂಡವರಿಗೆ ಮೆಸೇಜ್ ಮಾಡಿದಳು. ಕ್ಷಮೆ ಕೇಳಿದಳು, ಹಣ ವಾಪಸ್ ಅಂದಳು. ನಾಲ್ಕು ದಿನ ಬಿಟ್ಟು ಬಂದ ಉತ್ತರ ಚುಟುಕಾಗಿತ್ತು: 'ಹಾಕ್ಕೊಂಡಿದ್ದೀನಿ. ಬೆಚ್ಚಗಿದೆ. ಕೊಡಲ್ಲ.'

ಬೇರೆಯವರಾದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಅವಳು ಮರುದಿನ ಬೆಳಿಗ್ಗೆಯೇ ಪಾರ್ಸಲ್ಲಿನ ವಿಳಾಸ ಹಿಡಿದು, ತನ್ನಲ್ಲಿದ್ದ ಅತ್ಯುತ್ತಮ ಎರಡು ಜಾಕೆಟ್ ಚೀಲಕ್ಕೆ ಹಾಕಿಕೊಂಡು ಹೊರಟಳು. ಬಾಗಿಲಲ್ಲಿ ಅಜ್ಜಿ ಚಪ್ಪಲಿ ಮೆಟ್ಟಿ ರೆಡಿಯಾಗಿದ್ದರು.

"ನೀನೆಲ್ಲಿಗೆ?"

"ಕಟ್ಟಿದ ಕೈ ನಂದು. ಬಿಚ್ಚಿಸೋಕೂ ನಾನೇ ಬರಬೇಕು."

ಬಸ್ಸಿನಲ್ಲಿ ಮೂರು ಗಂಟೆ. ಅಜ್ಜಿ ಅರ್ಧ ದಾರಿ ಅವಳ ಹೆಗಲ ಮೇಲೆ ನಿದ್ದೆ ಮಾಡಿದರು. ಕೊನೆಗೆ ಸಿಕ್ಕಿದ ವಿಳಾಸ ಒಂದು ಸಣ್ಣ ಕ್ಷೌರದ ಅಂಗಡಿ. ಒಳಗೆ ಒಂದೇ ಕುರ್ಚಿ. ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಒಬ್ಬ ದಪ್ಪ ಗಿರಾಕಿ. ಪಕ್ಕದಲ್ಲಿ ಕತ್ತಿ ಹಿಡಿದ ನರೆಗೂದಲಿನ ಕ್ಷೌರಿಕ... ಮೈಮೇಲೆ ಕಂದು ಜಾಕೆಟ್!

"ಓ, ಜಾಕೆಟ್ಟನ್ನೇ ನೋಡ್ತಿದ್ದೀಯಲ್ಲ, ಮೆಸೇಜಿನ ಹುಡುಗಿನಾ?" ಅಂದ ಕ್ಷೌರಿಕ. "ಬರೆದೆನಲ್ಲಮ್ಮ, ಕೊಡಲ್ಲ ಅಂತ. ನೋಡು, ಈ ಎಡಗಡೆ ಜೇಬು ಮೇಲಿದೆ. ಬಾಚಣಿಗೆ ಇಟ್ಟರೆ ಕೈಗೇ ಸಿಗುತ್ತೆ. ಇಷ್ಟು ವರ್ಷದಲ್ಲಿ ಇಂಥ ಜಾಕೆಟ್ ಸಿಕ್ಕಿರಲಿಲ್ಲ."

"ಬೇರೆ ತಂದಿದ್ದೀನಿ, ಇದಕ್ಕಿಂತ ಹೊಸದು. ಎರಡೂ ತಗೊಳ್ಳಿ. ಅದು ಮಾರಾಟಕ್ಕಿದ್ದದ್ದೇ ಅಲ್ಲ."

"ಮಾರಾಟಕ್ಕಿಲ್ಲದ್ದರ ಫೋಟೋ ಅಂಗಡಿಗೆ ಯಾಕಮ್ಮ ಹಾಕಿದೆ?"

ಮತ್ತೆ ಅದೇ ಪ್ರಶ್ನೆ! ಇಲ್ಲಿಗೂ ಬಂದು ಕೂತಿತ್ತು. ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಗೋಡೆಯ ಮೇಲಿನ ಕನ್ನಡಿ ನೋಡುತ್ತಿದ್ದರು. 'ಸುಮ್ನೆ' ಅಂದರೆ ಏನಾಗುತ್ತದೆ ಅಂತ ಅವಳಿಗೆ ಈಗ ಗೊತ್ತಿತ್ತು. ಆ ಪದಕ್ಕೆ ಅಷ್ಟು ಬೆಲೆ ಇನ್ನೊಮ್ಮೆ ಕೊಡಲಾರಳು.

"ಅಂಗಡಿಗೆ ಅಂತ ತೆಗೆದ ಫೋಟೋ ಅಲ್ಲ ಅದು," ಅಂದಳು. ಕೆನ್ನೆ ಉರಿಯುತ್ತಿತ್ತು. "ಜಾಕೆಟ್ಟಿನದೂ ಅಲ್ಲ. ಅದನ್ನ ಹಾಕ್ಕೊಂಡಿದ್ದವರದ್ದು. ಅವರು ನಗ್ತಾ ಇದ್ರು... ನನಗೆ ಆ ನಗು ಬೇಕಿತ್ತು. ಅವರು ಇಲ್ಲದ ದಿನ ನೋಡ್ಕೊಳ್ಳೋಕೆ. ಬೇರೆ ಫೋಟೋ ಜೊತೆ ಅದೂ ಏರಿಬಿಟ್ಟಿದೆ. ಆ್ಯಪ್ಪು ಮುಖ ಕತ್ತರಿಸಿ ಜಾಕೆಟ್ ಮಾತ್ರ ಉಳಿಸ್ತು."

ನೊರೆ ಮೆತ್ತಿಕೊಂಡ ಗಿರಾಕಿ ಕುರ್ಚಿಯಲ್ಲೇ ಪೂರ್ತಿ ತಿರುಗಿ ಕೂತ.

"ಆ ಹುಡುಗನಿಗೆ ಇದನ್ನ ಹೇಳಿದ್ದೀಯಾ?" ಕ್ಷೌರಿಕ ಕೇಳಿದ.

"ಇಲ್ಲ."

"ಯಾಕೆ?"

"ಭಯ."

"ಮೂರು ಗಂಟೆ ಬಸ್ಸಲ್ಲಿ ಬಂದು, ಗುರುತು ಪರಿಚಯ ಇಲ್ಲದ ನನಗೆ ಹೇಳೋಕೆ ಭಯ ಇಲ್ಲ?"

"ಕೊಡಯ್ಯ ಅತ್ಲಾಗೆ!" ಅಂದ ಗಿರಾಕಿ, ನೊರೆಯ ಒಳಗಿನಿಂದ. "ಕೊಡದಿದ್ರೆ ನಾನು ಅರ್ಧ ಗಡ್ಡದಲ್ಲೇ ಎದ್ದು ಹೋಗ್ತೀನಿ."

ಕ್ಷೌರಿಕ ಕತ್ತಿ ಕೆಳಗಿಟ್ಟ. ಜೇಬಿನಿಂದ ಬಾಚಣಿಗೆ ತೆಗೆದ. ಜಾಕೆಟ್ ಬಿಚ್ಚಿ ಕೊಡವಿದ, ಆದರೆ ಕೊಡಲಿಲ್ಲ. "ಒಂದು ಷರತ್ತು. ನನಗೆ ಹೇಳಿದ್ದನ್ನ ಅವನಿಗೂ ಹೇಳಬೇಕು. ಒಂದು ಪದ ಬಿಡದೆ. ಹೇಳ್ತೀನಿ ಅಂದ್ರೆ ತಗೊಂಡು ಹೋಗು."

ಅವಳು ಕೈ ಚಾಚಿದಳು. "ಹೇಳ್ತೀನಿ."

ಅವಳು ತಂದ ಎರಡರಲ್ಲಿ ಒಂದನ್ನು ಮಾತ್ರ ಕ್ಷೌರಿಕ ಇಟ್ಟುಕೊಂಡ. ಜೇಬು ನೋಡಿ, "ಎರಡೂ ಸಮ ಇದೆ, ಥೂ," ಅಂದ.

ಹಿಂದಿರುಗುವ ಬಸ್ಸಿನಲ್ಲಿ ಅವಳು ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ... ನಿಂಗೆ ಬೇಜಾರಾಯ್ತಾ?"

"ಯಾಕೆ?"

"ನಿಂಗೆ ಹೇಳದೆ ಅಲ್ಲಿ ಹೇಳಿದೆ ಅಂತ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ? ಶನಿವಾರ ಶನಿವಾರ ಕಿಟಕಿ ಒರೆಸ್ತಿದ್ದೆಯಲ್ಲ, ಅದನ್ನ ಯಾವ ಗಿರಾಕಿಗೆ ಮಾರೋಕೆ ಅಂತ ನಾನು ಅಂದ್ಕೋಬೇಕಿತ್ತು?" ಅಂದರು ಅಜ್ಜಿ. ಆಮೇಲೆ ಅವಳ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು.

* * *

ಬಸ್ಸಿಳಿದು, ಅವನ ಕಂಪನಿಯಲ್ಲಿ ವಿಳಾಸ ಕೇಳಿಕೊಂಡು, ಇಬ್ಬರೂ ನೇರ ಅವನ ಮನೆಗೇ ಹೋದರು. ಅದು ಒಂದು ಓಣಿಯ ಕೊನೆಯಲ್ಲಿ, ನೆಲಮಹಡಿಯಲ್ಲಿತ್ತು. ಲಿಫ್ಟ್ ಸರಿಮಾಡುವವನ ಮನೆಗೆ ಲಿಫ್ಟೇ ಬೇಕಿರಲಿಲ್ಲ. ಅಜ್ಜಿ ಓಣಿಯ ತಿರುವಿನಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. "ಕಾಲು ನೋವು," ಅಂದರು. ಮೂರು ಗಂಟೆ ಬಸ್ಸಿನಲ್ಲಿ ಇಲ್ಲದ ನೋವು!

ಬಾಗಿಲು ತೆರೆದದ್ದು ಅವನ ಅಕ್ಕ. ಹಣೆಯ ಮೇಲೆ ಒಂದೆರಡು ಬಿಳಿಗೂದಲು, ಎಲ್ಲೋ ಸ್ವಲ್ಪ ಪಕ್ಕಕ್ಕೆ ನೋಡುವ ಕಣ್ಣು.

"ಯಾರು?"

ಅವಳು ಜಾಕೆಟ್ಟನ್ನು ಅಕ್ಕನ ಕೈಗಿಟ್ಟಳು. ಅಕ್ಕನ ಬೆರಳು ಕಾಲರಿನಿಂದ ಇಳಿದು, ಹೊಲಿಗೆಯ ಮೇಲೆ ನಡೆದು, ಎಡಗಡೆ ಜೇಬಿನ ಹತ್ತಿರ ನಿಂತಿತು. ಮುಖ ಅರಳಿತು.

"ಡ್ರೈಕ್ಲೀನ್‌ಗೆ ಕೊಟ್ಟಿದ್ದೀನಿ ಅಂದಿದ್ದ ಸುಳ್ಳ. ದನಿ ಕೇಳಿದ್ರೆ ನಂಗೆ ಗೊತ್ತಾಗಲ್ವಾ! ನೀನೇನಾ ಭಾನುವಾರದ ಹುಡುಗಿ?"

'ಭಾನುವಾರದ ಹುಡುಗಿ!' ಮನೆಯಲ್ಲಿ ತನಗೊಂದು ಹೆಸರೇ ಇದೆ!

ಅಷ್ಟರಲ್ಲಿ ಅವನು ಒಳಗಿನಿಂದ ಬಂದ. ಅವಳನ್ನು ನೋಡಿದ. ಜಾಕೆಟ್ ನೋಡಿದ. ಹೊಸ್ತಿಲಲ್ಲೇ ನಿಂತ.

"ಹಾಲು ಉಕ್ಕುತ್ತಾ ಏನೋ ನೋಡ್ತೀನಿ," ಅಂತ ಅಕ್ಕ ಗೋಡೆ ಸವರಿಕೊಂಡು ಒಳಗೆ ಹೋದಳು.

"ಹೇಗೆ ತಂದ್ರಿ?" ಅವನು ಕೇಳಿದ.

"ಅದು ಆಮೇಲೆ. ಮೊದಲು ನೀವು ಕೇಳಿದ್ದಕ್ಕೆ ಉತ್ತರ." ಅವಳ ಕೈ ನಡುಗುತ್ತಿತ್ತು, ಹೊತ್ತಿದ್ದ ಮೂಟೆ ಯಾವುದೂ ಇರಲಿಲ್ಲ. "ನಾನು ಜಾಕೆಟ್ಟಿನ ಫೋಟೋ ತೆಗೀಲಿಲ್ಲ. ನಿಮ್ಮ ಫೋಟೋ ತೆಗೆದೆ. ನೀವು ನಗ್ತಾ ಇದ್ರಿ. ವಾರದಲ್ಲಿ ಒಂದೇ ಭಾನುವಾರ ಬರುತ್ತೆ, ನನಗೆ ಅದು ಸಾಕಾಗ್ತಾ ಇರಲಿಲ್ಲ. ನೀವಿಲ್ಲದ ದಿನ ನೋಡ್ಕೊಳ್ಳೋಕೆ ತೆಗೆದೆ. ಅವಸರದಲ್ಲಿ ಎಲ್ಲದರ ಜೊತೆ ಅದನ್ನೂ ಏರಿಸಿದ್ದು ನನ್ನ ತಪ್ಪು, ಅಜ್ಜಿದಲ್ಲ. ಅವತ್ತು ಹೇಳೋಕೆ ಭಯ ಆಯ್ತು. ಈಗ್ಲೂ ಭಯ ಆಗ್ತಿದೆ. ಆದ್ರೂ ಹೇಳ್ತಿದ್ದೀನಿ... ನನಗೆ ನೀವಂದ್ರೆ ಇಷ್ಟ."

ಹೇಳಿಬಿಟ್ಟಳು! ಒಂದು ಪದ ಬಿಡದೆ! ಇನ್ನು ಭೂಮಿ ಬಾಯಿಬಿಟ್ಟರೂ ಸರಿ ಅಂತ ಕಣ್ಣು ಮುಚ್ಚಿಕೊಂಡಳು.

ಭೂಮಿ ಬಾಯಿ ಬಿಡಲಿಲ್ಲ. ಅವನೂ ಬಿಡಲಿಲ್ಲ. ಅವಳು ಒಂದು ಕಣ್ಣು ತೆರೆದಳು. ಅವನು ಹೊಸ್ತಿಲ ಮೇಲೆ ಕೂತು, ಎರಡೂ ಕೈಯಿಂದ ಮುಖ ಉಜ್ಜಿಕೊಳ್ಳುತ್ತಿದ್ದ.

"ಎರಡು ಸಲ ನಿಮ್ಮ ಬಿಲ್ಡಿಂಗಿನವರೆಗೆ ಬಂದೆ," ಅಂದ ಮೆಲ್ಲಗೆ. "ಲಿಫ್ಟ್ ಹತ್ತಲಿಲ್ಲ. ವಾಪಸ್ ಹೋದೆ. ಸಿಟ್ಟು ಜಾಕೆಟ್ಟಿಗೆ ಮಾತ್ರ ಅಂದ್ಕೊಂಡಿದ್ದೆ... ಅಲ್ಲ. ನಾನು ಪ್ರತಿ ವಾರ ಯಾಕೆ ಬರ್ತಿದ್ದೆನೋ ಅದು ನಿಮಗೆ ಬರೀ ವ್ಯಾಪಾರ ಆಗಿತ್ತಲ್ಲ ಅಂತ ಸಿಟ್ಟು."

"ಚಹಾಕ್ಕೆ ಬರ್ತೀನಿ ಅಂದಿದ್ರಿ!"

"ನಾನು ಚಹಾ ಕುಡಿಯೋದೇ ಇಲ್ಲ ರೀ. ನಿಮ್ಮ ಮನೇಲಿ ಮಾತ್ರ."

ಅವಳಿಗೆ ನಗು ಬಂತು, ಅಳುವೂ ಬಂತು, ಯಾವುದನ್ನು ಮೊದಲು ಬಿಡಬೇಕೋ ಗೊತ್ತಾಗಲಿಲ್ಲ. ಅವನ ಪಕ್ಕದಲ್ಲಿ, ಅದೇ ಹೊಸ್ತಿಲ ಮೇಲೆ, ಒಂದು ಗೇಣು ಜಾಗ ಬಿಟ್ಟು ಕೂತಳು.

"ಏನಪ್ಪಾ, ಮಾತು ಮುಗೀತಾ?" ಒಳಗಿನಿಂದ ಅಕ್ಕನ ದನಿ. "ಒಲೆ ಮೇಲೆ ಹಾಲೇ ಇಟ್ಟಿಲ್ಲ, ಎಷ್ಟು ಹೊತ್ತು ಅಂತ ಉಕ್ಕೋದನ್ನ ಕಾಯಲಿ!"

ಇಬ್ಬರೂ ನಕ್ಕುಬಿಟ್ಟರು.

"ಒಂದು ಮಾತು," ಅವನು ಅಂದ. "ಅವತ್ತೇ ಹೀಗೆ ಹೇಳಿದ್ದಿದ್ರೆ, ಜಾಕೆಟ್ ಹೋದ್ರೆ ಹೋಗಲಿ ಅಂತಿದ್ದೆ."

"ಸುಳ್ಳು!"

ಅವನು ಸ್ವಲ್ಪ ಹೊತ್ತು ಯೋಚಿಸಿದ.

"ಹೂಂ, ಸುಳ್ಳೇ. ಜಾಕೆಟ್ಟೂ ಬೇಕಿತ್ತು." ನಡುವಿನ ಆ ಒಂದು ಗೇಣು ಜಾಗದಲ್ಲಿ ತನ್ನ ಕೈ ಇಟ್ಟ, ಅಂಗೈ ಮೇಲೆ ಮಾಡಿ. "ಆದ್ರೆ ಎರಡು ವಾರ ಆ ಊರಲ್ಲಿ ಚಳಿ ಆಗಿದ್ದು ಜಾಕೆಟ್ ಇಲ್ಲದ್ದಕ್ಕಲ್ಲ."

ಅವಳು ಆ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಗ್ರೀಸ್.

"ಇವತ್ತು ಕೈ ತೊಳೆದೇ ಇಲ್ಲ," ಅಂದ ಅವನು, ನಾಚಿ ಎಳೆದುಕೊಳ್ಳಲು ಹೋಗಿ.

"ಇರಲಿ ಬಿಡಿ," ಅಂದು ಅವಳು ಹಿಡಿದುಕೊಂಡಳು.